ಜಾಮ್ ಆದ ನೀರಬೈಕು

ಅಕ್ಟೋಬರ್ 9, ಗುರುವಾರ

ನಿನ್ನೆ ಹಿನ್ನೀರಿನ ನಟ್ಟನಡುವೆ ನಮ್ಮ ನೀರಬೈಕು, ಅದೇ ಜೆಟ್ ಸ್ಕೀ, ಜಾಮ್ ಆಗಿ ನಿಂತುಬಿಟ್ಟಿತು. ಓಡಿಸುತ್ತಿದ್ದವನು ಬಾಬುಲಾಲ. ಹಿಂದೆ ದುಡ್ಡು ಕೊಟ್ಟು ಸವಾರಿಗೆ ಹತ್ತಿದ ಬಾಗೇವಾಡಿಯ ಒಬ್ಬ ಮಾಸ್ತರರು ಕೂತಿದ್ದರು. ಮೀನು ಹಿಡಿಯುವವರು ದೋಣಿಗೆ ಹಗ್ಗ ಕಟ್ಟಿ ದಂಡೆಗೆ ಎಳೆದು ತಂದರು. ಮಾಸ್ತರರು ಇಳಿದವರೇ ತಿರುಗಿ ಸಹ ನೋಡದೆ ಹೋದರು.

ಯಾರ ಮುಂದೆಯೂ ಹೇಳಲಾಗದ ಮಾತು ಇದು, ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಬಾಬುನ ಮೇಲೆ ಸಂಶಯ. ಗೋವಾದಿಂದ ಈ ಹಳೆಯ ಬೈಕನ್ನು ನಾವಿಬ್ಬರೂ ಕೂಡಿ ತಂದೆವು. ಇದು ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿನಲ್ಲೇ ಎಣ್ಣೆ ಕಲಸಿ ಹಾಕಬೇಕು; ಆ ಎಣ್ಣೆಯೇ ಒಳಗಿನ ಪಿಸ್ಟನ್ ಜಾರುವ ಹಾಗೆ ನೋಡಿಕೊಳ್ಳುತ್ತದೆ. ಎಣ್ಣೆ ಕಲಸುವುದು ಬಾಬುನ ಕೆಲಸ. ತೊಳೆಯುವುದು, ನೀರಿನ ಕೊಳವೆ ಸ್ವಚ್ಛ ಇಡುವುದು ನನ್ನ ಕೆಲಸ. ಎಣ್ಣೆ ಇಲ್ಲದಿದ್ದರೆ ಎಂಜಿನ್ ಜಾಮ್ ಆಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಇನ್ನು ಯಾರ ಕಡೆ ಬೆರಳು ತೋರಿಸಲಿ?

ಅದೂ ಅಲ್ಲದೆ ಅವನು ಇತ್ತೀಚೆಗೆ ಗೋವಾದ ಬೋಟಿನವರ ಜೊತೆ ಫೋನಿನಲ್ಲಿ ನಕ್ಕು ನಕ್ಕು ಮಾತಾಡುತ್ತಾನೆ. ಇಲ್ಲಿಯದು ಕೆಟ್ಟರೆ ಅಲ್ಲಿಗೆ ಹೋಗಲು ನೆಪ ಸಿಕ್ಕಿತಲ್ಲ! ಮುದ್ದೇಬಿಹಾಳದ ಸಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು ನಾವು. ಆದರೂ ಇದು ಅವನ ಕೈಯಿಂದ ಆದದ್ದು ಎಂದು ಗೊತ್ತಾದರೆ ಪಾಲುದಾರಿಕೆಯೂ ಮುಗಿಯಿತು, ಗೆಳೆತನವೂ ಮುಗಿಯಿತು.

ಅವನ ಮಣಿಕಟ್ಟಿನಲ್ಲಿದ್ದ ಕೆಂಪು ದಾರವನ್ನು ಇವತ್ತು ಇಸಿದುಕೊಂಡೆ. ಅದರ ಒಂದು ತುದಿ ಓಡಿಸುವವನ ಕೈಗೆ, ಇನ್ನೊಂದು ತುದಿ ಹ್ಯಾಂಡಲ್ ಹತ್ತಿರದ ಕ್ಲಿಪ್ಪಿಗೆ. ಮನುಷ್ಯ ನೀರಿಗೆ ಬಿದ್ದರೆ ಕ್ಲಿಪ್ಪು ಕಿತ್ತು ಎಂಜಿನ್ ನಿಲ್ಲುತ್ತದೆ. ದಾರ ಯಾರ ಹತ್ತಿರ ಇರುತ್ತದೋ ಬೈಕು ಅವನದು. ಬಾಬು ಒಂದು ಮಾತೂ ಆಡದೆ ಬಿಚ್ಚಿ ಕೊಟ್ಟ. ತಪ್ಪಿಲ್ಲದವನು ಜಗಳವಾದರೂ ಆಡಬೇಕಲ್ಲವೇ?

ಅಕ್ಟೋಬರ್ 11, ಶನಿವಾರ

ಟೆಂಪೋದಲ್ಲಿ ಹೇರಿಕೊಂಡು ತಾಳಿಕೋಟೆಗೆ ತಂದೆ. ಇಂಡಿ ತಾಲೂಕಿನಿಂದ ಮುದ್ದೇಬಿಹಾಳದ ತನಕ ಇಂಥ ಎಂಜಿನ್ ಬಿಚ್ಚುವ ಧೈರ್ಯ ಇರುವವನು ಕಾಸಿಂಸಾಬ ಒಬ್ಬನೇ. ಇಂಡಿಯ ದ್ರಾಕ್ಷಿ ತೋಟದವರು ಔಷಧ ಹೊಡೆಯುವ ಪಂಪುಗಳನ್ನು ಇಲ್ಲಿಗೇ ಹೊತ್ತು ತರುತ್ತಾರೆ. ಎಲ್ಲ ಸರಿ, ಆದರೆ ಕಾಸಿಂಸಾಬ ಬಾಬುನ ತಾಯಿಯ ಸ್ವಂತ ಅಣ್ಣ. ಅಳಿಯನ ತಪ್ಪನ್ನು ಮಾವ ಬಾಯಿಬಿಟ್ಟು ಹೇಳುತ್ತಾನೆಯೇ?

ಅದಕ್ಕೇ ಕೆಲಸ ಮುಗಿಯುವವರೆಗೂ ಅಲ್ಲೇ ಕೂರುವುದೆಂದು ತೀರ್ಮಾನಿಸಿದ್ದೇನೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಮನೆಯಲ್ಲೇ ಟೇಪು ಸುತ್ತಿ ಸಹಿ ಹಾಕಿದ್ದೆ. ಕೈಗೆ ಸಿಕ್ಕ ಪಾರ್ಟುಗಳಿಗೆಲ್ಲ ನನ್ನ ಹೆಂಡತಿ ಸುಜಾತಾಳ ಗುಲಾಬಿ ಉಗುರುಬಣ್ಣದಿಂದ ಚುಕ್ಕೆ ಇಟ್ಟೆ. ಒರಿಜಿನಲ್ ತೆಗೆದು ಡುಪ್ಲಿಕೇಟ್ ಕೂಡಿಸುವ ಮೇಸ್ತ್ರಿಗಳ ಕಥೆ ನಾನು ಕೇಳಿಲ್ಲವೇ?

ಕಾಸಿಂಸಾಬ ಮೆಹಂದಿ ಹಚ್ಚಿದ ಗಡ್ಡ ನೀವಿಕೊಳ್ಳುತ್ತ ನೋಡಿದ. "ಏನ್ ತಮ್ಮಾ, ಎಂಜಿನ್ನಿನ ಮದಿವಿ ಐತೇನು? ಬಣ್ಣ ಹಚ್ಚಾಕತ್ತಿ?"

"ಹಂಗಲ್ರಿ ಕಾಕಾ, ಗುರ್ತ ಇರ್ಲಿ ಅಂತ."

"ಹಚ್ಚು ಹಚ್ಚು. ಇದರ ಮುತ್ಯಾನ್ನ ಬಿಚ್ಚಿ ಕೂಡ್ಸಿದಾಂವ ನಾನು. ನನ್ನ ಗಡ್ಡಕ್ಕೂ ಒಂದ್ ಚುಕ್ಕಿ ಇಡು."

ಗತ್ತಿಗೇನೂ ಕಮ್ಮಿ ಇಲ್ಲ.

ಅಕ್ಟೋಬರ್ 12, ಭಾನುವಾರ

ಪ್ಲಗ್ ಬಿಚ್ಚಿ ದೊಡ್ಡ ಪಾನಾ ಹಾಕಿ ತಿರುಗಿಸಿ ನೋಡಿದ. ಎಂಜಿನ್ ಕೂದಲೆಳೆಯಷ್ಟೂ ಅಲುಗಲಿಲ್ಲ. ಡೀಸೆಲ್ಲಿಗೆ ಎಣ್ಣೆ ಕಲಸಿ ಪ್ಲಗ್ಗಿನ ತೂತಿನಿಂದ ಒಳಗೆ ಸುರಿದ. "ಕುಡದು ಸಡ್ಲ ಆಗ್ಲಿ. ಅವಸರ ಮಾಡಿದ್ರ ಮುರೀತೈತಿ" ಎಂದ.

ಎಣ್ಣೆ ಸುರಿದದ್ದನ್ನು ಕಣ್ಣಾರೆ ನೋಡಿ ಬರೆದಿಡುತ್ತಿದ್ದೇನೆ. ನಾಳೆ ಬಿಚ್ಚಿದಾಗ "ನೋಡು, ಒಳಗ ಎಣ್ಣಿ ಐತಿ" ಎನ್ನಲು ಅನುಕೂಲವಾಯಿತಲ್ಲ! ಅವನ ಹೆಂಡತಿ ಹಜರಾಬಿ ಚಹಾ ತಂದಳು. ಬೇಡ ಎಂದೆ. ಒಬ್ಬರ ಚಹಾ ಕುಡಿದ ಮೇಲೆ ಅವರ ಮುಖ ನೋಡಿ ಖಡಕ್ಕಾಗಿ ಮಾತಾಡುವುದು ಕಷ್ಟ.

ಅಕ್ಟೋಬರ್ 15, ಬುಧವಾರ

ಇವತ್ತು ಎಂಜಿನ್ ಸಡಿಲಾಯಿತು. ಕಟ್ಟಿಗೆ ತುಂಡು ಇಟ್ಟು ಮೆಲ್ಲಗೆ ತಟ್ಟುತ್ತ, ಹಿಂದೆ ಮುಂದೆ ಆಡಿಸುತ್ತ, ಕಾಸಿಂಸಾಬ ಹಟಮಾರಿ ಎಮ್ಮೆಯನ್ನು ರಮಿಸುವ ಹಾಗೆ ರಮಿಸಿದ. ಹೆಡ್ ಬಿಚ್ಚಿ ಪಿಸ್ಟನ್ ಹೊರಗೆ ತೆಗೆದ. ಕನ್ನಡಿಯಂತಿರಬೇಕಾದ ಲೋಹದ ಮೈಮೇಲೆ ಉದ್ದಕ್ಕೂ ಗೀರು. ರಿಂಗುಗಳು ತಮ್ಮ ತೋಡುಗಳಲ್ಲೇ ಕಚ್ಚಿಕೊಂಡು ಕೂತಿದ್ದವು. ಗೀರಿನ ಮೇಲೆ ಬೆರಳಾಡಿಸಿದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು.

"ಎಣ್ಣಿ ಇತ್ತು ತಮ್ಮಾ. ಕೆಳಗ ನೋಡು, ಎಲ್ಲಾ ಹಸಿ ಐತಿ."

"ಇರ್ಲಾರದೇನ್ರಿ ಕಾಕಾ? ಮೊನ್ನೆ ನೀವ ಸುರದೀರಿ."

ಕಾಸಿಂಸಾಬನ ಮೂಗು ಕೆಂಪಾಯಿತು. ಪಾನಾ ಕೆಳಗಿಟ್ಟ. "ಹೌದಾ? ಹಂಗಾರ ನಿನ್ನ ಟೇಪ್ ನೀನ ಹರಿ" ಎಂದ. ಟ್ಯಾಂಕಿನ ಟೇಪು, ಸಹಿ, ಎಲ್ಲ ಇದ್ದ ಹಾಗೇ ಇತ್ತು. ನಾನೇ ಹರಿದೆ, ನಾನೇ ಒಳಗಿನ ಪೆಟ್ರೋಲ್ ತೆಗೆದೆ. ಅವನು ಒಂದು ಹಳೆಯ ವರ್ತಮಾನಪತ್ರಿಕೆಯ ಮೇಲೆ ಅದರ ನಾಲ್ಕು ಹನಿ ಬಿಟ್ಟ. ಪಕ್ಕದಲ್ಲಿ ತನ್ನ ಸ್ಕೂಟರಿನ ಬರೀ ಪೆಟ್ರೋಲ್ ನಾಲ್ಕು ಹನಿ. ಬಿಸಿಲಿಗೆ ಇಟ್ಟು ಕಾದೆವು. ಸ್ಕೂಟರಿನದು ಗುರುತಿಲ್ಲದೆ ಹಾರಿಹೋಯಿತು. ನಮ್ಮದು ಒಣಗಿದ ಮೇಲೆ ಭಜಿ ಕಟ್ಟಿದ ಕಾಗದದಂತೆ ಜಿಡ್ಡಿನ ಕಲೆ ಉಳಿಯಿತು.

ಬಾಬು ಎಣ್ಣೆ ಕಲಸಿದ್ದ.

ಅಕ್ಟೋಬರ್ 16, ಗುರುವಾರ

ಎಣ್ಣೆ ಇತ್ತು, ಒಪ್ಪಿದೆ. ಹಾಗಾದರೆ ನೀರು ಹರಿದಿಲ್ಲವೇ? ಎಂಜಿನ್ ತಂಪಾಗಿರಲು ಹೊಳೆಯ ನೀರೇ ಕೊಳವೆಯಲ್ಲಿ ಹರಿಯಬೇಕು. ಕೊಳವೆ ನೋಡಿಕೊಳ್ಳುವವನು ನಾನು. ಊಟ ಸೇರಲಿಲ್ಲ.

ಅಕ್ಟೋಬರ್ 18, ಶನಿವಾರ

ಬೆಳಿಗ್ಗೆಯೇ ಜಗಳವಾಯಿತು. ಕಾರ್ಬೊರೇಟರಿನ ಮೇಲಿನ ಗುಲಾಬಿ ಚುಕ್ಕೆ ಮಾಯ! ಸಿಕ್ಕಿಬಿದ್ದರು ಎಂದುಕೊಂಡೆ. "ಕಾಕಾ, ಇದು ನಮ್ಮದಲ್ರಿ. ನಮ್ಮದೆಲ್ಲೈತಿ?" ಎಂದು ಕೇಳಿದೆ, ಸ್ವಲ್ಪ ಜೋರಾಗಿಯೇ.

ಕಾಸಿಂಸಾಬ ಬಾಯಿ ತೆರೆಯುವ ಮೊದಲೇ ಹಜರಾಬಿ ಹೊರಗೆ ಬಂದಳು. ಮೇಜಿನ ಮೇಲಿದ್ದ ಥಿನ್ನರ್ ಬಾಟಲಿಯಲ್ಲಿ ಅರಿವೆ ಅದ್ದಿ, ನಾನು ಬಣ್ಣ ಹಚ್ಚಿದ್ದ ಇನ್ನೊಂದು ಪಾರ್ಟನ್ನು ನನ್ನ ಕಣ್ಣೆದುರೇ ಒಂದು ಸಲ ಒರೆಸಿದಳು. ಚುಕ್ಕೆ ಹೋಯಿತು. "ಉಗುರಬಣ್ಣ ಇದರಾಗ ಹೊಕ್ಕೈತೋ ಇಲ್ಲೋ, ನಿಮ್ಮ ಮನಿಯಾಕಿನ್ನ ಕೇಳ್ರಿ" ಎಂದು ಒಳಗೆ ಹೋದಳು. ಕಾಸಿಂಸಾಬ ನಕ್ಕು ನಕ್ಕು ಕೆಮ್ಮಿದ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಮಧ್ಯಾಹ್ನ ಕೊಳವೆಗಳಿಗೆ ನೀರು ಬಿಟ್ಟು ನೋಡಿದೆವು. ಈ ಕಡೆ ಹಾಕಿದ್ದು ಆ ಕಡೆ ಸರಾಗ ಬಂತು, ಒಂದು ಹರಳು ರೇವೆ ಮಣ್ಣಿಲ್ಲ, ಪಾಚಿ ಇಲ್ಲ. ನನ್ನ ಕೆಲಸ ನಾನು ಸರಿಯಾಗಿ ಮಾಡಿದ್ದೇನೆ. ಮನೆಗೆ ಬಂದು ಸುಜಾತಾಳಿಗೆ ಹೇಳಿದ್ದನ್ನೇ ಹೇಳಿದೆ. "ಆತು ಬಿಡ್ರಿ, ನೀವ್ ಶಾಣ್ಯಾರು. ನನ್ನ ಉಗುರಬಣ್ಣದ ಬಾಟ್ಲಿ ಎಲ್ಲಿ?" ಎಂದಳು.

ಅಕ್ಟೋಬರ್ 25, ಶನಿವಾರ

ದೀಪಾವಳಿ ಮುಗಿಸಿಕೊಂಡು ಹೋದೆ. ಎಲ್ಲಿಂದಲೋ ಗಾಳಿ ಎಳೆದುಕೊಂಡು ಎಂಜಿನ್ ಕಾದಿರಬೇಕು ಎಂದು ಕಾಸಿಂಸಾಬನ ಊಹೆ. ಎಂಜಿನ್ನಿನ ತೂತುಗಳನ್ನೆಲ್ಲ ಮುಚ್ಚಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಸಂದುಗಳಿಗೆ ಸಾಬೂನು ನೀರು ಬಳಿದೆವು. ಪಂಪು ಹೊಡೆದವನು ನಾನು, ಗುಳ್ಳೆ ಹುಡುಕಿದವನು ಅವನು. ಎಲ್ಲೂ ಗುಳ್ಳೆ ಏಳಲಿಲ್ಲ. ಊಹೆ ತಪ್ಪಾದದ್ದಕ್ಕೆ ಅವನಿಗೆ ಇಡೀ ದಿನ ಸಿಡುಕು. ರೇಡಿಯೋ ಕೂಡ ಹಚ್ಚಲಿಲ್ಲ.

ಕೈ ಕಪ್ಪಾಗಿತ್ತು. ತೊಳೆಯಲು ಹೋದಾಗ ಪಕ್ಕದಲ್ಲಿ ಖಾಲಿ ಚಹಾ ಲೋಟ ಕಂಡಿತು. ಕುಡಿದವನು ನಾನೇ ಇರಬೇಕು.

ಅಕ್ಟೋಬರ್ 27, ಸೋಮವಾರ

ಸಿಕ್ಕಿತು! ಹೊಗೆ ಹೋಗುವ ದಪ್ಪ ಪೈಪನ್ನು ಇವತ್ತು ಕಳಚಿದೆವು. ಅದರ ಸಂದಿನಲ್ಲಿ ಎರಡು ತುಂಡುಗಳನ್ನು ಸುತ್ತಿ ಹಿಡಿಯುವ ರಬ್ಬರಿನ ಒಂದು ತೋಳು ಇದೆ. ಒಳಮೈ ಪೂರ್ತಿ ಸುಟ್ಟು, ತಳ ಹತ್ತಿದ ಪಾತ್ರೆಯಂತಾಗಿತ್ತು. ಕಾಸಿಂಸಾಬ ಅದನ್ನು ಮೂಸಿ ನೋಡಿ ಸ್ಟೂಲಿನ ಮೇಲೆ ಕೂತ.

"ನೀರಿಲ್ಲದ ಓಡಿಸ್ಯಾರ ತಮ್ಮಾ. ಇದು ನೀರಾಗ ಇದ್ರ ಮಾತ್ರ ನೀರ ಕುಡೀತೈತಿ. ದಂಡಿ ಮ್ಯಾಲೆ ನಿಲ್ಲಿಸಿ ಚಾಲೂ ಇಟ್ರ ಕುಡಿಯಾಕ ಏನೈತಿ? ರಬ್ಬರ್ ಸುಡ್ತೈತಿ, ಪಿಸ್ಟನ್ ಉಬ್ಬಿ ಗೋಡಿಗೆ ತಿಕ್ತೈತಿ. ಅವತ್ತ ಅರ್ಧ ಸತ್ತೈತಿ ಅದು. ಹೆಂಗೋ ಒಂದ್ ವಾರ ಓಡಿ ನೀರಾಗ ಪ್ರಾಣ ಬಿಟ್ಟೈತಿ."

ಬೈಕು ಇಡುವ ಶೆಡ್ಡಿನ ಕೀಲಿ ಬಾಬುನ ಹತ್ತಿರ ಇರುತ್ತದೆ. ನಾನಿಲ್ಲದಾಗ ಯಾರಿಗೋ ತೋರಿಸಲು ಚಾಲೂ ಮಾಡಿ ನಿಂತಿರಬೇಕು. ಅಲ್ಲಿಂದಲೇ ಫೋನ್ ಹಚ್ಚಿದೆ, ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ಪೂರ್ತಿ ಕೇಳಿಸಿಕೊಂಡ.

"ನಾ ಓಡ್ಸಿಲ್ಲ."

"ಮತ್ತ ಯಾರು ಓಡ್ಸಿದ್ರು?"

 "ಗೋವಾದಾವ್ರು ಕರದಾರ. ನಾಡದ ಹೊಕ್ಕೇನಿ. ನಿನ್ನ ಬೈಕ್ ನೀನ ನೋಡ್ಕೊ" ಎಂದು ಇಟ್ಟುಬಿಟ್ಟ.

ಕಾಸಿಂಸಾಬ ಎಲ್ಲ ಕೇಳಿಸಿಕೊಂಡಿದ್ದ. ಅಳಿಯನ ಪರವಾಗಿ ಜಗಳಕ್ಕೆ ಬರುತ್ತಾನೆಂದು ನಾನು ತಯಾರಾಗಿ ನಿಂತಿದ್ದೆ. ಅವನು ಸುಟ್ಟ ರಬ್ಬರನ್ನು ನನ್ನ ಕೈಗೆ ಕೊಟ್ಟ. "ಏನಾತು ಅನ್ನೂದು ಎಂಜಿನ್ ಹೇಳ್ತೈತಿ. ಯಾರು ಅನ್ನೂದು ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದ.

ಅಕ್ಟೋಬರ್ 28, ಮಂಗಳವಾರ

ಅವ್ವ ಅಂಗಳದಲ್ಲಿ ಕೂತು ಹುಣಸೆಹಣ್ಣು ಹಚ್ಚಿ ಹಿತ್ತಾಳೆಯ ಆರತಿ ತಟ್ಟೆ ತಿಕ್ಕುತ್ತಿದ್ದಳು. ನಾನು ಚಪ್ಪಲಿ ಹಾಕಿಕೊಳ್ಳುವುದನ್ನು ನೋಡಿ ಕೇಳಿದಳು.

"ಬೈಕ್ ಯಾವಾಗ ಬರ್ತೈತೋ? ಬಂದ ಮ್ಯಾಲೆ ಇನ್ನೊಮ್ಮೆ ಪೂಜಾ ಮಾಡೂಣು. ಖಂಡೇನವಮಿ ದಿವಸ ನನಗ ಸಮಾಧಾನ ಆಗ್ಲಿಲ್ಲ."

"ಯಾಕಬೇ, ಎಲ್ಲಾ ಚಲೋ ಆತಲ್ಲ?"

"ಏನ್ ಚಲೋ? ಆ ಬಾಬು ಒಂದ ಸವನ ಬಂದ್ ಮಾಡೋ, ಬಂದ್ ಮಾಡೋ ಅಂತ ಕೈ ಮಾಡಾಕತ್ತಿದ್ದ. ಆರತಿ ಮುಗಿಯೂತನಕ ಎಂಜಿನ್ ನಿಲ್ಲಬಾರ್ದು ಅಂತ ನಾನ ಅವಂಗ ಬೈದೆ. ಓಣಿ ಹೆಣಮಕ್ಕಳೆಲ್ಲ ಆರತಿ ಹಿಡ್ಕೊಂಡ್ ನಿಂತಿದ್ರು. ನೀ ಅದರ ಮ್ಯಾಲೆ ರಾಜನಂಗ ಕುಂತಿದ್ದಿ, ನಿನಗೆಲ್ಲಿ ಲಕ್ಷ್ಯ?"

ಒಂದು ಚಪ್ಪಲಿ ಕಾಲಲ್ಲಿ, ಒಂದು ಕೈಯಲ್ಲಿ. ನಾನು ಹಾಗೇ ನಿಂತೆ.

ನಮ್ಮ ಕಡೆ ಖಂಡೇನವಮಿಯ ಆಯುಧಪೂಜೆ ಎಂದರೆ ಟ್ರ್ಯಾಕ್ಟರ್ ಆಗಲಿ, ಹಿಟ್ಟಿನ ಗಿರಣಿ ಆಗಲಿ, ತೊಳೆದು ವಿಭೂತಿ ಹಚ್ಚಿ, ಚೆಂಡುಹೂ ಕಟ್ಟಿ, ಕಾಯಿ ಒಡೆದ ಕೂಡಲೇ ಚಾಲೂ ಮಾಡಲೇಬೇಕು. ಚಾಲೂ ಮಾಡದ ಗಾಡಿಯ ಪೂಜೆಯನ್ನು ಯಾರಾದರೂ ಪೂಜೆ ಅನ್ನುತ್ತಾರೆಯೇ? ಬೈಕು ಕೆಡುವ ಒಂದು ವಾರ ಮೊದಲಿನ ಆ ದಿನ, ನೀರಬೈಕಿಗೆ ಗಾಲಿ ಇಲ್ಲವೆಂದು ಅದನ್ನು ಹೊತ್ತ ಟ್ರಾಲಿಯ ಗಾಲಿಗೆ ಇಂಡಿಯ ನಿಂಬೆಹಣ್ಣು ಇಟ್ಟೆವು. ನಾನು ಮೇಲೆ ಹತ್ತಿ ಕೂತು ಎಕ್ಸಿಲರೇಟರ್ ಕೊಟ್ಟೆ. ಒಬ್ಬೊಬ್ಬರಾಗಿ ಹೆಣ್ಣುಮಕ್ಕಳು ಬೆಳಗಿದರು. ಹೊಗೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಬು ಗುಂಪಿನ ಹಿಂದಿನಿಂದ ಕೈ ಬೀಸುತ್ತಿದ್ದ. ನಾನು ಕೂತೆ, ಅವನು ನಿಂತ, ಅದಕ್ಕೆ ಹೊಟ್ಟೆಕಿಚ್ಚು ಎಂದುಕೊಂಡಿದ್ದೆ.

ಅವ್ವ ತಟ್ಟೆ ತೊಳೆದು ಬಿಸಿಲಿಗೆ ಇಟ್ಟಳು. ನಾನು ಇನ್ನೊಂದು ಚಪ್ಪಲಿಯನ್ನೂ ಹಾಕಿಕೊಂಡು ಹೊರಬಿದ್ದೆ.

ಅಕ್ಟೋಬರ್ 29, ಬುಧವಾರ

ಬೆಳಿಗ್ಗೆ ಬಾಬುನ ಮನೆಗೆ ಹೋದೆ. ಅವನ ತಾಯಿ ರಹಿಮಾಬಿ ಚಟ್ನಿಪುಡಿ ಕಟ್ಟುತ್ತಿದ್ದಳು. ಅವನ ಬ್ಯಾಗು ಬಾಗಿಲಲ್ಲೇ ಇತ್ತು.

"ನಿನಗ ಗೊತ್ತಿತ್ತಲ್ಲ? ಯಾಕ ಹೇಳ್ಲಿಲ್ಲ?" ಎಂದೆ.

"ಏನಂತ ಹೇಳ್ಲಿ? ನಿಮ್ಮವ್ವ ಆರತಿ ಬೆಳಗಿದ್ದಕ್ಕ ಬೈಕ್ ಕೆಟ್ಟಿತು ಅಂತೇನು? ಆಕಿ ಕಿವಿಗೆ ಬಿದ್ರ ಇನ್ನೊಮ್ಮೆ ಆರತಿ ತಟ್ಟಿ ಮುಟ್ಟತಾಳೇನು? ನನ್ನ ಹೆಸರ್ಲೇ ಹೋದ್ರ ಹೋಗ್ಲಿ ಅಂದೆ." ಬ್ಯಾಗಿನ ಜಿಪ್ ಎಳೆದು ಮತ್ತೆ ಅವನೇ ಅಂದ: "ಮತ್ತ ನಿನ್ನ ಮ್ಯಾಲೆ ಸಿಟ್ಟೂ ಇತ್ತು. ಒಂದ್ ಮಾತ ಕೇಳ್ದ ದಾರ ಕಸ್ಗೊಂಡಿ."

ಜೇಬಿನಲ್ಲಿ ದಾರ ಇತ್ತು. ಕೊಡಲು ತೆಗೆದೆ. ಅವನು ಕೈ ಚಾಚಲಿಲ್ಲ. "ಮೊದ್ಲ ಅದು ಚಾಲೂ ಆಗ್ಲಿ, ಆಮ್ಯಾಲೆ ನೋಡೂಣು" ಎಂದು ಬ್ಯಾಗು ಎತ್ತಿಕೊಂಡ.  ತಪ್ಪಾಯಿತು ಎಂಬ ಮಾತನ್ನು ಬಸ್ಸು ಹೋದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನೇ ಅಂದುಕೊಂಡೆ, ಅದರಿಂದ ಯಾರಿಗೆ ಏನು ಲಾಭ?

ನವೆಂಬರ್ 9, ಭಾನುವಾರ

ಸಿಲಿಂಡರ್ ಬೋರ್ ಮಾಡಿಸಿಕೊಂಡು ಬಂದೆವು. ಗೀರುಗಳೆಲ್ಲ ಹೋಗಿ ಒಳಗೆ ಮುಖ ಕಾಣುವಷ್ಟು ನುಣುಪು. ಆದರೆ ತೂತು ದೊಡ್ಡದಾದ ಮೇಲೆ ಪಿಸ್ಟನ್ನೂ ದೊಡ್ಡದು ಬೇಕು. ಎಲ್ಲಿ ಕೇಳಿದರೂ ಸಿಗಲಿಲ್ಲ. ನಿನ್ನೆ ಗೋವಾ ಬಸ್ಸಿನ ಪಾರ್ಸೆಲ್ ಬಂತು: ಹೊಸ ಪಿಸ್ಟನ್, ರಿಂಗು, ಆ ರಬ್ಬರಿನ ತೋಳು ಕೂಡ. ಕಳಿಸಿದವನು ಬಾಬು. ಅಳತೆ ಕಾಸಿಂಸಾಬನಿಂದ ತಿಳಿದುಕೊಂಡಿರಬೇಕು. ನನಗೆ ಒಂದು ಸಾಲು ಮೆಸೇಜೂ ಇಲ್ಲ. ಒರಿಜಿನಲ್ಲೋ ಅಲ್ಲವೋ ಎಂದು ನೋಡಲು ಡಬ್ಬಿ ತಿರುಗಿಸಿದೆ, ಆಮೇಲೆ ನೋಡದೆ ಬಿಚ್ಚಿದೆ.

ರಿಂಗು ಕೂಡಿಸಿದ್ದು ನಾನು. ಕಾಸಿಂಸಾಬ ಬರೀ ನೋಡುತ್ತಿದ್ದ. "ಪಿಸ್ಟನ್ ನೆತ್ತಿ ಮ್ಯಾಲಿನ ಬಾಣ ಹೊಗಿ ಪೈಪಿನ ಕಡೆ ಇರ್ಲಿ. ಎಣ್ಣಿ ಹಚ್ಚು, ಜಿಪುಣತನ ಮಾಡಬ್ಯಾಡ." ಹಜರಾಬಿ ರೊಟ್ಟಿ, ಬದನೆಕಾಯಿ ಬಡಿಸಿದಳು. ಎರಡನೇ ರೊಟ್ಟಿ ನಾನೇ ಕೇಳಿ ಹಾಕಿಸಿಕೊಂಡೆ.

ನವೆಂಬರ್ 19, ಬುಧವಾರ

ಎಂಜಿನ್ ಚಾಲೂ ಆಯಿತು! ನಳದ ಪೈಪು ಜೋಡಿಸಿ ನೀರು ಕುಡಿಸುತ್ತಲೇ ಚಾಲೂ ಮಾಡಿದೆವು. ಮೊದಲು ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಆಮೇಲೆ ಒಂದೇ ಸಮ ಗುರುಗುಟ್ಟತೊಡಗಿತು. ಪಕ್ಕದ ಸಣ್ಣ ತೂತಿನಿಂದ ನೀರು ಚಿಮ್ಮಿದ್ದು ನೋಡಿ ನನಗೆ ಅಳು ಬಂತು. ಬಂದರೆ ಬರಲಿ. ಬಾಬುಗೆ ಫೋನ್ ಹಚ್ಚಿದೆ, ಎತ್ತಲಿಲ್ಲ. ಎಂಜಿನ್ನಿನ ಸಪ್ಪಳವನ್ನೇ ರೆಕಾರ್ಡ್ ಮಾಡಿ ಕಳಿಸಿದೆ. ಕೆಳಗೆ "ತಪ್ಪಾತೋ. ಭಾನುವಾರ ನೀರಿಗೆ ಇಳಸ್ತೇವಿ" ಎಂದು ಬರೆದೆ.

ಕಾಸಿಂಸಾಬ ನಮಾಜಿಗೆ ಹೋದಾಗ ಇಂಡಿಯ ಕಡೆಯ ಒಬ್ಬ ತೋಟದವನು ಔಷಧದ ಪಂಪು ತಂದ. ಪ್ಲಗ್ ಬಿಚ್ಚಿ ನೋಡಿದೆ, ಕಪ್ಪು ಹಿಡಿದಿತ್ತು. ಕಾರ್ಬೊರೇಟರ್ ಬಿಚ್ಚಲು ಹೋದರೆ ಆ ಪುಣ್ಯಾತ್ಮ ಅದಕ್ಕೆ ಸೀಸದಕಡ್ಡಿಯಿಂದ ಗುರುತು ಮಾಡಿಟ್ಟಿದ್ದಾನೆ! ಮುಗಿಯುವವರೆಗೂ ನನ್ನ ಕೈ ಮೇಲಿನ ಕಣ್ಣು ತೆಗೆಯಲಿಲ್ಲ. ಚಹಾ ತಂದುಕೊಟ್ಟರೆ ಬೇಡವಂತೆ. ಎಂಥ ಸಂಶಯದ ಜನ ಇರುತ್ತಾರಪ್ಪ!

ನವೆಂಬರ್ 23, ಭಾನುವಾರ

ಟ್ರಾಲಿ ದಂಡೆಗೆ ಬರುವ ಮೊದಲೇ ಅವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. "ಚಾಲೂ ಮಾಡೋ, ಕರ್ಪೂರ ಹಚ್ತೇನಿ" ಎಂದಳು. ನಾನು ಟ್ರಾಲಿಯ ಹಗ್ಗ ಬಿಚ್ಚುವ ನೆಪ ಮಾಡಿದೆ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆಂದು ಹೇಳಿದರೆ ಎಲ್ಲವನ್ನೂ ಹೇಳಬೇಕು.

"ಯವ್ವಾ, ತಡೀರಿ."

ಹಿಂದೆ ಬಾಬು. ಬಸ್ಸಿನಿಂದ ಇಳಿದು ನೇರ ಬಂದಿದ್ದ, ಹೆಗಲ ಮೇಲೆ ಅದೇ ಬ್ಯಾಗು. ಅದನ್ನು ದಂಡೆಯಲ್ಲಿಟ್ಟು ಪ್ಯಾಂಟು ಮಡಚತೊಡಗಿದ. "ಇದು ನೀರಿನ ಗಾಡೀರಿ. ದಂಡಿ ಮ್ಯಾಲೆ ಪೂಜಾ ಮಾಡಿದ್ರ ಗಂಗವ್ವ ಏನಂದಾಳು? ನೀರಾಗ ನಿಂತು ಮಾಡೂಣು ಬರ್ರಿ."

ಅವ್ವ ಅವನ ಮುಖ ನೋಡಿದಳು. "ಅವತ್ತ ಅದಕ್ಕ ಕೈ ಮಾಡಾಕತ್ತಿದ್ದೇನು?"

ಬಾಬು ನನ್ನ ಕಡೆ ನೋಡಿದ. "ಹೌದ್ರಿ."

"ಬಾಯಿ ಬಿಟ್ಟು ಹೇಳಬಾರ್ದೇನೋ ಮಂಗ್ಯಾ? ನಾ ಸುಮ್ನ ಬೈದ್ನೆಲ್ಲ ನಿನಗ" ಎಂದು ಅವ್ವ ಅವನ ಗದ್ದ ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡಳು.

ಬೈಕನ್ನು ನೀರಿಗೆ ಇಳಿಸಿದೆವು. "ಪೆಟ್ರೋಲಿಗೆ ಎಣ್ಣಿ ನೀ ಕಲಸ್ತೀಯೋ, ನಾ ಕಲಸ್ಲೋ?" ಎಂದು ಬಾಬು ಕೇಳಿದ. ನೀನೇ ಕಲಸು ಎಂದೆ. ಅವನು ಕ್ಯಾನು ಅಲುಗಾಡಿಸುವಾಗ ನಾನು ಅವ್ವನ ತಟ್ಟೆಯ ಕರ್ಪೂರ ಗಾಳಿಗೆ ಹಾರದ ಹಾಗೆ ಕೈ ಅಡ್ಡ ಹಿಡಿದಿದ್ದೆ. ಆಮೇಲೆ ಜೇಬಿನಿಂದ ಕೆಂಪು ದಾರ ತೆಗೆದೆ. ಈ ಸಲ ಅವನು ಕೈ ಚಾಚಿದ. ಕಟ್ಟಿದೆ.

ಅವ್ವ ಸೀರೆ ಮೇಲೆತ್ತಿ ಕಚ್ಚೆ ಕಟ್ಟಿ, ನನ್ನ ಹೆಗಲು ಹಿಡಿದು ಮೊಣಕಾಲು ಮುಳುಗುವವರೆಗೆ ನಡೆದಳು. ಅಲ್ಲಿಂದ ಮುಂದೆ ನಾವು ಬೈಕನ್ನು ಸ್ವಲ್ಪ ಆಳಕ್ಕೆ ತಳ್ಳಿ ಹಿಡಿದೆವು. ಬಾಬು ಚಾಲೂ ಮಾಡಿದ. ಪಕ್ಕದ ತೂತಿನಿಂದ ನೀರು ಚಿಮ್ಮಿ ಅವ್ವನ ಕೈಮೇಲೆ ಬಿತ್ತು, ಅವಳು ನಕ್ಕಳು. ಆಮೇಲೆ ತನಗೆ ಸಮಾಧಾನ ಆಗುವಷ್ಟು ಹೊತ್ತು ಆರತಿ ಬೆಳಗಿದಳು. ಬಂದ್ ಮಾಡು ಎಂದು ಯಾರೂ ಅನ್ನಲಿಲ್ಲ.